ಸಿಹಿ ಸೆಂಟು

ಮೂರು ತಿಂಗಳಿಂದ ನಾನು ಹೆಂಗಸರ ಸೆಂಟು ಹಾಕ್ಕೊಂಡು ಆಫೀಸಿಗೆ ಹೋಗ್ತಿದ್ದೀನಿ. ಸೆಂಟು ಅನ್ನೋ ಪದವನ್ನ ಬೇಕಂತಲೇ ಬಳಸ್ತಿದ್ದೀನಿ. ಪರ್ಫ್ಯೂಮ್ ಅಂದ್ರೆ ಮಾಲಿನ ಗ್ರೌಂಡ್ ಫ್ಲೋರಿನ ಲೈಟು ಕಣ್ಮುಂದೆ ಬರುತ್ತೆ. ಸುಗಂಧದ್ರವ್ಯ ಅಂದ್ರೆ ಸಮಾಜ ಪಾಠದ ರಫ್ತು ಪಟ್ಟಿ. ಸೆಂಟು ಅಂದಾಗ ಮಾತ್ರ ಮೂಗಿಗೆ ಏನಾದರೂ ಬಡಿಯುತ್ತೆ.

ಇದು ನಾನು ಕೊಂಡಿದ್ದಲ್ಲ. ಟೀಮಿನಲ್ಲಿದ್ದ ಒಬ್ಬಾಕೆ ಕೆಲಸ ಬಿಟ್ಟು ಹೋಗುವ ದಿನ ಡ್ರಾಯರ್ ಖಾಲಿ ಮಾಡ್ತಾ ಹತ್ತು ಎಂಎಲ್‌ನ ಒಂದು ಪುಟ್ಟ ಸ್ಪ್ರೇ ಬಾಟಲಿ ನನ್ನ ಕೈಗಿಟ್ಟು, "ನಿಮ್ಮ ವೈಫ್‌ಗೆ ಕೊಡಿ, ನನಗೆ ತುಂಬಾ ಸ್ಟ್ರಾಂಗು" ಅಂದಳು. ಲೇಬಲ್ಲಿನಲ್ಲಿ ಪೆನ್ನಲ್ಲಿ ಬರೆದ ಹೆಸರು ಏಂಜಲ್. ಹೆಂಡತಿ ಮುಚ್ಚಳ ತೆಗೆದು ಮೂಸಿ, ಮೂಗು ಒಂದು ಸಲ ಹಿಂದಕ್ಕೆಳೆದುಕೊಂಡು, "ಇದು ಸೆಂಟಾ, ಸ್ವೀಟ್ ಸ್ಟಾಲಾ? ನನಗೆ ಬೇಡಪ್ಪ" ಅಂದಳು. ಅವಳು ಮೈಸೂರಿನವಳು, ಮಲ್ಲಿಗೆ ಬಿಟ್ಟು ಬೇರೆ ವಾಸನೆಯನ್ನ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲ್ಲ. ಬಿಸಾಕೋ ಮುಂಚೆ ಒಂದು ಸಲ ನೋಡೋಣ ಅಂತ ನಾನು ಮಣಿಕಟ್ಟಿಗೆ ಹೊಡ್ಕೊಂಡೆ. ಬಿಸಾಕಲಿಲ್ಲ.

ನಿಮ್ಮಲ್ಲಿ ಕೆಲವರಿಗೆ ಇದರ ಕಥೆ ಗೊತ್ತಿರಬಹುದು. ಫ್ರಾನ್ಸಿನ ಫ್ಯಾಶನ್ ಡಿಸೈನರ್ ತಿಯೆರಿ ಮ್ಯೂಗ್ಲರ್ 1992ರಲ್ಲಿ ತಂದ ಸೆಂಟು ಇದು. ನೀಲಿ ದ್ರವ, ನಕ್ಷತ್ರದ ಆಕಾರದ ಬಾಟಲಿ. ಮ್ಯೂಗ್ಲರ್ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿ ಬೆಳೆದವನು. ಚಿಕ್ಕಂದಿನಲ್ಲಿ ನೋಡಿದ ಜಾತ್ರೆಯ ವಾಸನೆ ಬೇಕು ಅಂತ ಕೇಳಿದನಂತೆ: ಬೊಂಬಾಯಿ ಮಿಠಾಯಿ, ಕ್ಯಾರಮೆಲ್, ಚಾಕೊಲೇಟು. ಒಲಿವಿಯೇ ಕ್ರೆಸ್ಪ್ ಅನ್ನೋ ಪರ್ಫ್ಯೂಮರ್ ಅದನ್ನ ಮಾಡಿಕೊಟ್ಟ. ಅಲ್ಲಿಯವರೆಗೂ ಸೆಂಟಿನಲ್ಲಿ ಸಿಹಿ ಇರಲಿಲ್ಲ ಅಂತಲ್ಲ. ಗೆರ್ಲಾನ್ ಕಂಪನಿಯ ಶಾಲಿಮಾರ್ 1925ರಲ್ಲೇ ವೆನಿಲಾ ವಾಸನೆಯನ್ನ ಧಾರಾಳವಾಗಿ ಸುರಿದುಕೊಂಡಿತ್ತು. ಆದರೆ ಅಲ್ಲೆಲ್ಲ ಸಿಹಿ ಅಂದ್ರೆ ಊಟದ ಕೊನೆಗೆ ಬರೋ ಬಾಳೆಹಣ್ಣು ಇದ್ದ ಹಾಗೆ. ಎಲೆ ಹಾಸಿ ಪೂರ್ತಿ ಸಿಹಿಯನ್ನೇ ಬಡಿಸಿದ್ದು ಏಂಜಲ್. ಆಮೇಲೆ ಇಂಥ ಸೆಂಟುಗಳಿಗೆ ಗೂರ್ಮಾಂಡ್ ಅಂತ ಒಂದು ಜಾತಿಯೇ ಆಯ್ತು. ಆ ಫ್ರೆಂಚ್ ಪದಕ್ಕೆ ನಮ್ಮಲ್ಲಿ ಹತ್ತಿರದ್ದು ತಿಂಡಿಪೋತ.

ಇದರ ಸಿಹಿಯ ಗುಟ್ಟು ಎಥಿಲ್ ಮಾಲ್ಟಾಲ್ ಅನ್ನೋ ಬಿಳಿ ಪುಡಿ. ಪ್ರಕೃತಿಯಲ್ಲಿ ಸಿಗಲ್ಲ, ಲ್ಯಾಬಲ್ಲಿ ಮಾಡಿದ್ದು. ಅದರ ಅಣ್ಣ ಮಾಲ್ಟಾಲ್ ಮಾತ್ರ ನಮ್ಮ ಸುತ್ತಲೇ ಇದೆ. ಮಾಲ್ಟ್ ಹುರಿದಾಗ, ಬ್ರೆಡ್ಡಿನ ಮೇಲ್ಪದರ ಕೆಂಪಗಾದಾಗ, ಸಕ್ಕರೆ ಕಾದಾಗ ಹುಟ್ಟೋದು ಅದು. ತಮ್ಮ ಅಣ್ಣನಿಗಿಂತ ಹಲವು ಪಟ್ಟು ಜೋರು. ಇದನ್ನ ಓದಿದಾಗ ನನಗೆ ಒಂದು ವಿಷಯ ಸ್ಪಷ್ಟ ಆಯ್ತು, ಯಾಕೆ ಬಿಸಾಕಲಿಲ್ಲ ಅನ್ನೋದು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಸೆಂಟು ಹೇಗಿದೆ ಹೇಳ್ತೀನಿ, ಇಲ್ಲಾಂದ್ರೆ ಅನ್ಯಾಯ ಆಗುತ್ತೆ.

ಹೊಡ್ಕೊಂಡ ಮೊದಲ ಹತ್ತು ನಿಮಿಷ ಕೆಟ್ಟದಾಗಿದೆ. ನೇರವಾಗಿ ಹೇಳಿಬಿಡ್ತೀನಿ. ಹಣ್ಣಿನ ವಾಸನೆ ಅಂತ ಕರೀತಾರೆ, ಹಣ್ಣೇನೋ ಹೌದು. ಹಲಸಿನಹಣ್ಣು ಮತ್ತು ಸೀಬೆಹಣ್ಣನ್ನ ಕಿಟಕಿ ಹಾಕಿದ ರೂಮಲ್ಲಿಟ್ಟು ಮೂರು ದಿನ ಮದುವೆಗೆ ಹೋಗಿ ಬಂದ ಹಾಗೆ. ಹಣ್ಣು ಕೊಳೆತಿಲ್ಲ, ಕೊಳೆಯೋ ಯೋಚನೆ ಮಾಡ್ತಿದೆ. ಇದು ಏಂಜಲ್ ಒಂದರ ಕಥೆಯಲ್ಲ. ಇದರ ನಂತರ ಬಂದ ಸಿಹಿ ಸೆಂಟುಗಳಲ್ಲಿ ಹಣ್ಣಿನ ಭಾಗವೇ ದುರ್ಬಲ ಅನ್ನೋದು ನನ್ನ ಅಭಿಪ್ರಾಯ. ಕಾರಣವೂ ಇದೆ. ಕಿತ್ತಳೆ, ನಿಂಬೆಯ ಸಿಪ್ಪೆ ಹಿಂಡಿದರೆ ಎಣ್ಣೆ ಬರುತ್ತೆ. ಪೀಚು, ಸ್ಟ್ರಾಬೆರಿ, ಮಾವಿನಹಣ್ಣಿನಿಂದ ಹಾಗೆ ಸೆಂಟಿಗೆ ಬೇಕಾದ ಎಣ್ಣೆ ತೆಗೆಯೋಕೆ ಆಗಲ್ಲ. ಅವನ್ನೆಲ್ಲ ಕೆಮಿಸ್ಟ್ರಿಯಲ್ಲೇ ಕಟ್ಟಬೇಕು. ಪೀಚಿನ ವಾಸನೆಗೆ ಬಳಸೋ ಒಂದು ಪದಾರ್ಥದ ಹೆಸರು ಆಲ್ಡಿಹೈಡ್ ಸಿ-14. ತಮಾಷೆ ಅಂದ್ರೆ ಅದು ಆಲ್ಡಿಹೈಡೂ ಅಲ್ಲ, ಅದರಲ್ಲಿ ಹದಿನಾಲ್ಕು ಕಾರ್ಬನ್ನೂ ಇಲ್ಲ. ಗಾಮಾ ಅಂಡೆಕಾಲ್ಯಾಕ್ಟೋನ್ ಅಂತ ಅದರ ಅಸಲಿ ಹೆಸರು. 1919ರ ಮಿತ್ಸುಕೋ ಸೆಂಟಿನಿಂದ ಪ್ರಸಿದ್ಧಿಗೆ ಬಂತು, ಸುಳ್ಳು ಹೆಸರು ಇವತ್ತಿಗೂ ಅಂಟಿಕೊಂಡಿದೆ. ನಮ್ಮ ಪ್ರಾಜೆಕ್ಟಿನ ಹಳೇ ಕೋಡಿನಲ್ಲೂ ಇಂಥ ವೇರಿಯಬಲ್‌ಗಳು ಬೇಕಾದಷ್ಟಿವೆ. ಯಾರೂ ಮುಟ್ಟಲ್ಲ, ಮುಟ್ಟಿದರೆ ಇನ್ನೆಲ್ಲೋ ಒಡೆಯುತ್ತೆ ಅಂತ ಭಯ.

ಹತ್ತು ನಿಮಿಷ ತಡ್ಕೊಂಡ್ರೆ ಹಣ್ಣು ಹಿಂದೆ ಸರಿಯುತ್ತೆ. ಆಗ ಬರುತ್ತೆ ನೋಡಿ ಸಿಹಿ. ಸಕ್ಕರೆಯ ಬಿಳಿ ಸಿಹಿಯಲ್ಲ, ಬಾಣಲೆಯ ಅಂಚಿಗೆ ಅಂಟಿ ಕಂದಿದ ಸಿಹಿ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೇ ಮಾತುಗಳಿವೆ. ಸೀದ ವಾಸನೆ ಬೇರೆ, ಕಮರಿದ್ದು ಬೇರೆ, ಘಮ ಬೇರೆ, ಘಾಟು ಬೇರೆ. ಏಂಜಲ್ ಇರೋದು ಘಮ ಮುಗಿದು ಸೀಯೋಕೆ ಒಂದು ಹೆಜ್ಜೆ ಬಾಕಿ ಇರೋ ಜಾಗದಲ್ಲಿ. ಎರಡು ಸ್ಪ್ರೇ ಆದ್ರೆ ಘಮ, ಮೂರಾದ್ರೆ ಮುಖಕ್ಕೆ ಹೊಡೆಯುತ್ತೆ. ಏಪ್ರಿಲ್ ಬಿಸಿಲಲ್ಲಿ ಒಂದೇ ಸಾಕು. ಸೆಕೆಯಲ್ಲಿ ಸಿಹಿ ದಪ್ಪ ಆಗುತ್ತೆ, ಮಳೆಗಾಲದ ಸಂಜೆಯಲ್ಲಿ ಹದವಾಗಿರುತ್ತೆ. ಪೇಪರ್ ಪಟ್ಟಿಯ ಮೇಲೆ ಮೂಸಿ ಇದನ್ನ ಅಳೆಯೋಕೆ ಹೋಗಬೇಡಿ. ಮೈ ಬಿಸಿ ತಾಗಬೇಕು, ಒಂದರ್ಧ ದಿನ ಆಗಬೇಕು.

ಎರಡು ಗಂಟೆ ಕಳೆದ ಮೇಲೆ ಅಡಿಯಿಂದ ಇನ್ನೊಂದು ಏಳುತ್ತೆ. ಗೋಣಿಚೀಲ, ಹಸಿ ಮಣ್ಣು, ಒಣಗಿದ ಎಲೆ, ಕೋಕೋ ಪುಡಿ. ಇದು ಪಚೋಲಿ. ಇದು ಇಲ್ಲದೇ ಹೋಗಿದ್ದರೆ ಏಂಜಲ್ ಬರೀ ಮಕ್ಕಳ ಟೂತ್‌ಪೇಸ್ಟ್ ಆಗ್ತಿತ್ತು. ಪಚೋಲಿ ಎಲೆಯನ್ನ ಒಣಗಿಸಿ ಬಟ್ಟಿ ಇಳಿಸ್ತಾರೆ, ಈಗ ಹೆಚ್ಚಾಗಿ ಇಂಡೋನೇಷ್ಯಾದಿಂದ ಬರುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳಿಗೆ ಹುಳ ಹಿಡಿಯದಿರಲಿ ಅಂತ ಈ ಎಲೆ ಇಟ್ಟು ಯುರೋಪಿಗೆ ಕಳಿಸ್ತಿದ್ದರು. ಅಲ್ಲಿನ ಹೆಂಗಸರಿಗೆ ಶಾಲಿನ ಜೊತೆ ವಾಸನೆಯೂ ಹಿಡಿಸ್ತು. ಅದರ ಹತ್ತಿರದ ನೆಂಟ ನಮ್ಮ ಪಚ್ಚೆತೆನೆ. ಕನಕಾಂಬರ, ದವನ, ಮರುಗದ ಜೊತೆ ಅವ್ವ ಕಟ್ಟುವ ಮಾಲೆಯಲ್ಲಿ ಹಸಿರಾಗಿ ಇಣುಕುತ್ತಲ್ಲ, ಅದು. ಬಚ್ಚಲ ನೀರು ಹೋಗೋ ಕಡೆ ಎರಡು ಗಿಡ ಯಾವಾಗಲೂ ಇರುತ್ತಿದ್ದವು. ಪಚ್ಚೆತೆನೆಯ ಎಲೆ ಉಜ್ಜಿ ಮೂಸಿ, ಆಮೇಲೆ ಮಧ್ಯಾಹ್ನದ ಹೊತ್ತಿನ ನನ್ನ ಅಂಗಿ ಕಾಲರ್ ಮೂಸಿ ನೋಡಿದರೆ ಹೋಲಿಕೆ ಸಿಗುತ್ತೆ. ಪೂರ್ತಿ ಅಲ್ಲ, ದೊಡ್ಡಪ್ಪನ ಮಕ್ಕಳಲ್ಲಿ ಇರುತ್ತಲ್ಲ, ಅಷ್ಟು.

ಆಫೀಸಿನಲ್ಲಿ ಮೊದಲ ದಿನ ಲಿಫ್ಟಲ್ಲಿ ಒಬ್ಬ ಕೇಳಿದ, "ಗುರು, ಯಾರದ್ದು ಬರ್ತ್‌ಡೇ? ಕೇಕ್ ಎಲ್ಲಿ?" ಎರಡನೇ ವಾರಕ್ಕೆ ಪಕ್ಕದ ಸೀಟಿನವನು, "ಬ್ರೋ, ತಪ್ಪು ತಿಳ್ಕೋಬೇಡ, ನಿಂದು ಲೇಡೀಸ್ ಪರ್ಫ್ಯೂಮ್ ಥರ ಇದೆ" ಅಂದ. ಥರ ಏನು, ಲೇಡೀಸದ್ದೇ ಅಂದೆ. ಅವನು ಸ್ಕ್ರೀನ್ ಕಡೆ ತಿರುಗಿಕೊಂಡ. ಗಂಡಸರದ್ದೂ ಒಂದಿದೆ ಅನ್ನಿ. 1996ರಲ್ಲಿ ಅದೇ ಮ್ಯೂಗ್ಲರ್ ಎ-ಮೆನ್ ಅಂತ ತಂದ. ಅದೇ ಸಿಹಿ, ಜೊತೆಗೆ ಕಾಫಿ, ಮತ್ತೆ ಡಾಂಬರಿನಂಥ ಒಂದು ವಾಸನೆ. ಗಂಡಸಿಗೆ ಸಿಹಿ ಕೊಡಬೇಕು ಅಂದ್ರೆ ಮೊದಲು ಡಾಂಬರು ಸವರಬೇಕು ಅಂತ ಪ್ಯಾರಿಸ್ಸಿನವರಿಗೂ ಅನಿಸಿದೆ.

ಗಂಡಸರು ಹೇಗೆ ವಾಸನೆ ಬರಬೇಕು ಅನ್ನೋದು ನಾನು ಕಲಿತಿದ್ದು ಬಿಇ ಹಾಸ್ಟೆಲಿನಲ್ಲಿ. ನನ್ನ ಬಟ್ಟೆಗಳಲ್ಲಿ ಹೊಗೆ ವಾಸನೆ ಇರುತ್ತಿತ್ತು. ಮನೆಯಲ್ಲಿ ಒಲೆ, ಮನೆ ಹಿಂದೆ ಇನ್ನೂ ದೊಡ್ಡ ಒಲೆ. ಊರಿಂದ ಬಂದ ಭಾನುವಾರ ರಾತ್ರಿ ನಾನು ಬ್ಯಾಗ್ ತೆರೆದರೆ ರೂಮ್‌ಮೇಟು ಕಿಟಕಿ ತೆರೀತಿದ್ದ. ಏನೂ ಅನ್ನುತ್ತಿರಲಿಲ್ಲ, ಒಳ್ಳೇ ಹುಡುಗ, ಬರೀ ಕಿಟಕಿ ತೆರೀತಿದ್ದ. ಮೂರನೇ ಸೆಮಿಸ್ಟರಿಗೆ ನಾನೂ ಎಲ್ಲರ ಹಾಗೆ ನೀಲಿ ಡಬ್ಬದ ಡಿಯೋಡರೆಂಟು ತಂದೆ. 1988ರ ಕೂಲ್ ವಾಟರ್ ಸೆಂಟಿನ ನಂತರ ಗಂಡಸರ ಸೆಂಟೆಲ್ಲ ಹಿಡಿದ ದಾರಿ ಅದು. ತಂಪು, ನೀರು, ಲೋಹ. ಅದರಲ್ಲಿ ಡೈಹೈಡ್ರೋಮಿರ್ಸಿನಾಲ್ ಅನ್ನೋ ಪದಾರ್ಥ ಮುಖ್ಯ. ಬಟ್ಟೆ ಒಗೆಯೋ ಪುಡಿಗಳಲ್ಲೂ ಅದನ್ನೇ ಬಳಸ್ತಾರೆ. ಈಗಷ್ಟೇ ಸ್ನಾನ ಮಾಡಿ ಬಂದವನ ವಾಸನೆ, ಯಾವ ಊರಿನವನೂ ಅಲ್ಲದವನ ವಾಸನೆ. ಕ್ಯಾಂಪಸ್ ಇಂಟರ್‌ವ್ಯೂಗೆ ಅದೇ, ಮದುವೆಗೆ ಹುಡುಗಿ ನೋಡೋಕೆ ಹೋದಾಗ ಅದೇ, ಹನ್ನೆರಡು ವರ್ಷ ಅದೇ. ಅದರ ಮೇಲೆ ನನಗೆ ಸಿಟ್ಟೇನಿಲ್ಲ, ಕೆಲಸ ಕೊಡಿಸಿದ ಸೆಂಟು.

ಈಗ ಮನೆ ಹಿಂದಿನ ದೊಡ್ಡ ಒಲೆಗೆ ಬರ್ತೀನಿ. ನಮ್ಮದು ಮಂಡ್ಯ ಕಡೆಯ ಹಳ್ಳಿ, ಅಪ್ಪನದು ಆಲೆಮನೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ, ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯ ಬೆಂಕಿ. ಕಾಯ್ತಾ ಬಂದಾಗ ಸ್ವಲ್ಪ ಸುಣ್ಣ, ಬೆಂಡೆ ಗಿಡದ ಲೋಳೆ. ಮೇಲೆ ಬಂದ ಮಡ್ಡಿ ತೆಗೀತಾ ಇರಬೇಕು. ಮೊದಲ ಒಂದು ಗಂಟೆ ಬರೋದು ಹಸಿ ಹುಲ್ಲಿನ ವಾಸನೆ. ಆಮೇಲೆ ಬೇಯಿಸಿದ ಹಾಲಿನ ಹಾಗೆ. ಕೊನೆಯ ಇಪ್ಪತ್ತು ನಿಮಿಷ ಮಾತ್ರ ಬೇರೆ. ನೊರೆ ಸಣ್ಣದಾಗಿ, ಗುಳ್ಳೆ ದಪ್ಪಗಾಗಿ, ಚಟಪಟ ಅನ್ನೋಕೆ ಶುರುವಾದಾಗ ಒಂದು ಘಮ ಏಳುತ್ತೆ. ಆಗ ಅಪ್ಪ ಮಾತಾಡೋದು ನಿಲ್ಲಿಸ್ತಿದ್ದರು. ಪಾಕ ಇಳಿಸೋದು ಸುಮಾರು 118 ಡಿಗ್ರಿಯಲ್ಲಿ ಅಂತ ನಾನು ಎಷ್ಟೋ ವರ್ಷ ಆದಮೇಲೆ ಓದಿದೆ. ಅಲ್ಲಿ ಥರ್ಮಾಮೀಟರ್ ಇರಲಿಲ್ಲ. ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟು ಉಂಡೆ ಕಟ್ಟುತ್ತಾ ಅಂತ ಬೇರೆಯವರು ನೋಡ್ತಿದ್ದರು. ಅಪ್ಪ ನೀರು ತರಿಸೋ ಮುಂಚೆಯೇ ಮೂಗಲ್ಲಿ ತೀರ್ಮಾನ ಮಾಡಿ "ಇಳುಸ್ರಲಾ" ಅನ್ನುತ್ತಿದ್ದರು. ಅರ್ಧ ನಿಮಿಷ ತಡ ಆದರೆ ಬೆಲ್ಲ ಕರ್ರಗಾಗಿ ರೇಟು ಬಿತ್ತು ಅಂತಲೇ ಲೆಕ್ಕ. ಮಾರ್ಕೆಟ್ಟಿಗೆ ಹಳದಿ ಬೆಲ್ಲ ಬೇಕು. ಹಳದಿ ಬರಲಿ ಅಂತ ಹೈಡ್ರೋಸ್ ಪುಡಿ ಹಾಕೋರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಪ್ಪ ಹಾಕಲಿಲ್ಲ, ಅದರ ನಷ್ಟ ಮನೆಯವರೆಲ್ಲ ಹಂಚಿಕೊಂಡೆವು.

ಬರಗಾಲದ ಎರಡು ವರ್ಷ, 2015 ಮತ್ತು 16ರಲ್ಲಿ, ಕಬ್ಬೇ ಇಲ್ಲದೆ ಕೊಪ್ಪರಿಗೆ ಮಗುಚಿಟ್ಟರು. ಮತ್ತೆ ನೆಟ್ಟಗೆ ಮಾಡಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಶುಗರ್ ಬಂದಿತ್ತು. ಮೂವತ್ತು ವರ್ಷ ಬೆಲ್ಲ ಮಾಡಿದವರಿಗೆ ಬೆಲ್ಲ ಬಂದ್. ಹೋದ ವರ್ಷ ಕಾಲಿನ ಹೆಬ್ಬೆರಳ ಗಾಯ ಮೂರು ತಿಂಗಳು ಮಾಯಲಿಲ್ಲ. ಡಾಕ್ಟರು ಬೆರಳು ತೆಗೆಯೋ ಮಾತಾಡಿದರು, ತೆಗೆಯೋ ಹಾಗಾಗಲಿಲ್ಲ. ಅದೇ ಸಮಯದಲ್ಲಿ ಅವ್ವ ಅಂಗಿ ಒಗೆಯೋವಾಗ ಜೇಬಿನಲ್ಲಿ ಪೇಪರ್ ಸುತ್ತಿದ ಬೆಲ್ಲದ ಚೂರು ಸಿಕ್ಕಿ ಮನೆಯಲ್ಲಿ ದೊಡ್ಡ ಗಲಾಟೆ ಆಯ್ತು. ಆಮೇಲಿಂದ ಅಪ್ಪನ ಹತ್ತಿರ ಸಿಹಿಯ ಮಾತೇ ನಾವ್ಯಾರೂ ಎತ್ತುತ್ತಿರಲಿಲ್ಲ. ಹಬ್ಬಕ್ಕೆ ಅವರ ಎಲೆಗೆ ಹೋಳಿಗೆ ಬಡಿಸದೆ ಮುಂದೆ ಹೋಗೋವಾಗ ಅವ್ವ ಬೇರೆ ಕಡೆ ನೋಡ್ತಾರೆ.

ಮೂರು ತಿಂಗಳಿಗೊಮ್ಮೆ ಅಪ್ಪ ಟೆಸ್ಟಿಗೆ ಅಂತ ಬೆಂಗಳೂರಿಗೆ ಬರ್ತಾರೆ. ಈ ಸಲ ರೈಲ್ವೆ ಸ್ಟೇಷನ್ನಿಂದ ಕರ್ಕೊಂಡು ಬರೋವಾಗ, ಕಾರು ಹತ್ತಿ ಬಾಗಿಲು ಹಾಕಿದ ತಕ್ಷಣ ಹಿಂದೆ ತಿರುಗಿ ನೋಡಿದರು.

"ಏನ್ಲಾ, ಡಿಕ್ಕೀಲಿ ಬೆಲ್ಲ ಮಡಗಿದ್ದೀಯಾ?"

ಇಲ್ಲ, ಸೆಂಟು ಅಂದೆ. ನಂಬಲಿಲ್ಲ. ಸಿಗ್ನಲ್ಲಿನಲ್ಲಿ ಮಣಿಕಟ್ಟು ಮುಂದೆ ಹಿಡಿದೆ. ಅವರು ಕೈ ಹಿಡ್ಕೊಂಡು ಒಂದು ಸಲ ಮೂಸಿ, ಬಿಟ್ಟು, ಕಿಟಕಿ ಇಳಿಸಿ ಹೊರಗಿನ ಗಾಳಿ ಎಳ್ಕೊಂಡು ಮತ್ತೆ ಮೂಸಿದರು. ಹಿಂದಿನವನು ಹಾರ್ನ್ ಹೊಡೀತಿದ್ದ.

"ಪಾಕ ಏರ್ಬುಟ್ಟದೆ," ಅಂದರು. "ಒಂದ್ ಗಳಿಗೆ ಮುಂಚೇನೇ ಇಳಿಸ್ಬೇಕಿತ್ತು. ಬೆಂಕಿ ಜಾಸ್ತಿ ಕೊಟ್ಟವ್ರೆ. ಇದು ಕರ್ರಗಾಯ್ತದೆ, ಮಂಡ್ಯಕ್ಕೆ ತಕ್ಕೊಂಡೋದ್ರೆ ರೇಟ್ ಸಿಕ್ಕಕಿಲ್ಲ."

ಇಂಟರ್‌ನೆಟ್ಟಿನಲ್ಲಿ ಏಂಜಲ್ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿಲ್ಲ. ಆರೇಳು ವರ್ಷಗಳಲ್ಲಿ ಅಪ್ಪ ಆಲೆಮನೆಯ ಬಗ್ಗೆ ತಾವಾಗಿ ಆಡಿದ ಮೊದಲ ಮಾತೂ ಅದೇ.

ಆ ನಾಲ್ಕು ದಿನ ಬೆಳಿಗ್ಗೆ ಸಕ್ಕರೆ ಇಲ್ಲದ ಟೀ ಕುಡಿದ ಮೇಲೆ, ನಾನು ಆಫೀಸಿಗೆ ಹೊರಡೋವಾಗ ಅಪ್ಪ ಕೈ ಚಾಚುತ್ತಿದ್ದರು. ಸಂಜೆ ಬಂದ ಮೇಲೆ ಮತ್ತೆ. ಬೆಳಗಿಂದ ಸಂಜೆಗೆ ಏನಾಯ್ತು ಅಂತ ಹೇಳುತ್ತಿದ್ದರು. "ಈಗ ವಾಸಿ. ಬೆಲ್ಲ ಹೋಗಿ ಗೋಡೌನ್ ಉಳಕೊಂಡದೆ" ಅಂದರು ಒಂದು ದಿನ. ಪಚೋಲಿ ಅನ್ನೋ ಪದ ಗೊತ್ತಿಲ್ಲದವರು ಅದನ್ನ ಗೋಡೌನ್ ಅಂದ್ರೆ ನಾನು ತಿದ್ದೋಕೆ ಏನಿದೆ?

ಹೆಂಡತಿಗೆ ಇದು ಸರಿ ಕಾಣಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಮೆಲ್ಲಗೆ, "ರೀ, ಕುಡಿಯೋದು ಬಿಟ್ಟವರ ಮುಂದೆ ಬಾಟಲಿ ಮುಚ್ಚಳ ತೆಗೆದ ಹಾಗಲ್ವಾ ಇದು? ಮಾವ ಊರಿಗೆ ಹೋಗಿ ಮತ್ತೆ ಬೆಲ್ಲ ಹುಡುಕಿದ್ರೆ?" ಅಂದಳು. ಅವಳು ಹೇಳೋದರಲ್ಲಿ ಅರ್ಥ ಇದೆ. ಬೆರಳಿನ ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಮಾಡಿದವಳು ಅವಳೇ. ಆದರೂ ನಾನು ಕೈ ಹಿಂದಕ್ಕೆ ತಗೊಳ್ಳಲಿಲ್ಲ. ಅಪ್ಪ ಮೂಸುವಾಗ ಅವರ ಮುಖ ನೋಡಿದ್ದೆ. ಅದು ತಿನ್ನೋ ಆಸೆಯ ಮುಖ ಆಗಿರಲಿಲ್ಲ. ಕೊಪ್ಪರಿಗೆಯ ಮುಂದೆ ಮಾತು ನಿಲ್ಲಿಸುತ್ತಿದ್ದರಲ್ಲ, ಆ ಮುಖ. ಹೆಂಡತಿಗೆ ಇದನ್ನ ಹೇಳಿದೆ. "ನೀವು ನೋಡಿದ್ದೀರಿ, ನಾನು ನೋಡಿಲ್ಲ, ರಿಪೋರ್ಟ್ ಬರಲಿ" ಅಂದಳು. ರಿಪೋರ್ಟ್ ಬಂತು, ಮೂರು ತಿಂಗಳ ಸರಾಸರಿ 8.9. ಹೋದ ಸಲ 9.4 ಇತ್ತು. ನನ್ನ ಸೆಂಟಿಗೂ ಈ ಸಂಖ್ಯೆಗೂ ಸಂಬಂಧ ಇಲ್ಲ, ಬರೋ ಸಲದ್ದು ಎಷ್ಟಿರುತ್ತೋ ನೋಡಬೇಕು. ನಮ್ಮ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

ಹೊರಡೋ ಹಿಂದಿನ ದಿನ ಶನಿವಾರ. "ಸರಿಯಾದ ಪಾಕದ್ದು ಯಾವ್ದೂ ಇಲ್ವೇನ್ಲಾ?" ಅಂತ ಕೇಳಿದರು. ಮಾಲಿಗೆ ಕರ್ಕೊಂಡು ಹೋದೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬೆರಳಿಗಾಗಿ ಡಾಕ್ಟರು ಹೇಳಿದ ದಪ್ಪ ಚಪ್ಪಲಿ. ಕೌಂಟರಿನ ಹುಡುಗಿ ಅಪ್ಪನನ್ನ ನೋಡಿ ನನ್ನ ಕಡೆ ಪಟ್ಟಿ ಚಾಚಿದಳು. ನಾನು ಅಪ್ಪನ ಕಡೆ ತೋರಿಸಿದೆ. ಅಲ್ಲಿಂದ ಮುಂದೆ ಅವಳು ಅವರಿಗೇ ಕೊಟ್ಟಳು, ಅದು ಅವಳ ದೊಡ್ಡತನ. ಲಾ ವಿ ಎ ಬೆಲ್, 2012ರದ್ದು, ಏಂಜಲ್ ಹಾಕಿಕೊಟ್ಟ ದಾರಿಯಲ್ಲೇ ನಡೆದು ಜಗತ್ತಿಡೀ ಮಾರಾಟವಾದ ಸೆಂಟು. ಅಪ್ಪ: "ಸಕ್ಕರೆ. ಫ್ಯಾಕ್ಟರೀದು." ಪ್ರಾಡಾ ಕ್ಯಾಂಡಿ, 2011, ಕ್ಯಾರಮೆಲ್ ಮತ್ತು ಲೋಬಾನದಂಥ ಅಂಟು. ಇದಕ್ಕೆ ಸ್ವಲ್ಪ ಹೊತ್ತು ತಗೊಂಡರು. "ಪಾಕ ಸರಿಯಾಗದೆ, ಆದ್ರೆ ಮಡ್ಡಿ ಸರಿಯಾಗಿ ತೆಗ್ದಿಲ್ಲ." ನನಗೂ ಕ್ಯಾಂಡಿ ಏಂಜಲ್‌ಗಿಂತ ಒಳ್ಳೇದು ಅನ್ನಿಸ್ತು, ಹಣ್ಣಿನ ಕಾಟ ಇಲ್ಲ. ಹುಡುಗಿಗೆ ಕನ್ನಡ ಬರುತ್ತಿತ್ತು, ಮದ್ದೂರಿನವಳಂತೆ. ಅದು ಗೊತ್ತಾದ ಮೇಲೆ ಅವಳು ಕೌಂಟರಿನಲ್ಲಿದ್ದ ಸಿಹಿ ಸೆಂಟುಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟಳು. ಸ್ಟ್ರಾಬೆರಿಯದ್ದೊಂದಕ್ಕೆ ಅಪ್ಪ, "ಇದು ಕೆಮ್ಮಿನ ಔಷ್ದಿ ಕಣವ್ವ" ಅಂದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಏನೂ ಕೊಳ್ಳಲಿಲ್ಲ. ಬಾಟಲಿಯ ಅಡಿಯ ಬೆಲೆ ಓದಿಸಿಕೊಂಡು, "ಒಂದ್ ಗಾಡಿ ಕಬ್ಬು" ಅಂತಷ್ಟೇ ಅಂದರು. ಮೂಸಿದ ಪಟ್ಟಿಗಳನ್ನ ಮಾತ್ರ ಬಿಸಾಕೋಕೆ ಬಿಡದೆ ಟಿಕೆಟ್ ಜೊತೆ ಅಂಗಿ ಜೇಬಿಗೆ ಹಾಕ್ಕೊಂಡರು.

ಸೋಮವಾರ ರಾತ್ರಿ ಅವ್ವ ಫೋನ್ ಮಾಡಿದರು.

"ಏನ್ ಕೊಟ್ಟು ಕಳ್ಸಿದ್ದೀಯಾ ಮಗ ನಿಮ್ಮಪ್ಪಂಗೆ? ಜೇಬಿಂದ ಹನ್ನೊಂದ್ ಕಾಗ್ದ ತೆಗ್ದು, ಜಗುಲಿ ಮ್ಯಾಲೆ ನಾಕ್ ಜನ ಕೂರ್ಸ್ಕೊಂಡು, ಒಂದೊಂದ್ಕೂ ಕ್ವಿಂಟಾಲ್‌ಗಿಷ್ಟು ಅಂತ ರೇಟ್ ಕಟ್ತಾ ಕೂತವ್ರೆ. ಊಟಕ್ಕೆ ಕರದ್ರೆ ಬತ್ತಿಲ್ಲ."